ಓಣಿಗೊಂದು ಶುಗರ್ ಗುಂಪು ಕಟ್ಟುವುದು ಹೇಗೆ

ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಿರಲಿ, ಮುಧೋಳ-ಜಮಖಂಡಿಯ ಕಬ್ಬಿನ ಹೊಲಗಳಿರಲಿ, ವಿಜಯಪುರ ಸೀಮೆಯ ತಾಂಡಾಗಳಿರಲಿ, “ನನಗೂ ಶುಗರ್ ಐತ್ರಿ” ಅನ್ನುವವರು ಈಗ ಎಲ್ಲ ಕಡೆ ಸಿಗುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಕೂತು ತಿನ್ನುವ ಶ್ರೀಮಂತರ ರೋಗ ಎಂಬ ಮಾತಿಗೆ ಈಗ ಅರ್ಥವಿಲ್ಲ. ದಿನಗೂಲಿಯಲ್ಲಿ ಬದುಕುವವರಿಗೆ ಬಂದಾಗಲೇ ಅದು ಹೆಚ್ಚು ಹಾಳು ಮಾಡುತ್ತದೆ, ಯಾಕೆಂದರೆ ಒಂದು ಬೆರಳು ಕೊಳೆತರೆ ಇಡೀ ಹಂಗಾಮಿನ ದುಡಿಮೆ ಹೋಗುತ್ತದೆ.

ಡಾಕ್ಟರು ತಿಂಗಳಿಗೊಮ್ಮೆ ಐದು ನಿಮಿಷ ನೋಡುತ್ತಾರೆ. ಉಳಿದ ದಿನವೆಲ್ಲ ಏನು ಉಣ್ಣಬೇಕು, ಗುಳಿಗೆ ತೀರಿದರೆ ಏನು ಮಾಡಬೇಕು, ಕಾಲಿನ ಗಾಯ ಎಷ್ಟು ದಿನ ಕಾಯಬೇಕು ಎಂಬ ನಿರ್ಧಾರಗಳನ್ನು ರೋಗಿ ಒಬ್ಬರೇ ಮಾಡುತ್ತಾರೆ. ಬಡವರಲ್ಲಿ ಶುಗರ್ ಹತೋಟಿ ತಪ್ಪಲು ಈ ಒಂಟಿತನವೇ ದೊಡ್ಡ ಕಾರಣ ಎಂಬುದು ನನ್ನ ನಂಬಿಕೆ. ಹತ್ತು-ಹದಿನೈದು ಮಂದಿ ಕೂಡಿದರೆ ಇದೇ ನಿರ್ಧಾರಗಳು ಸುಲಭವಾಗುತ್ತವೆ, ಅಗ್ಗವೂ ಆಗುತ್ತವೆ. ಅಂಥ ಗುಂಪನ್ನು ಕಟ್ಟಿ ನಡೆಸಲು ಬೇಕಾದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಕೂಡುವ ಜಾಗ, ಕೂಡುವ ದಿನ

ಮೊದಲು ಆಶಾ ಕಾರ್ಯಕರ್ತೆಯನ್ನು ಕಾಣಿರಿ. ಸುಮಾರು ಸಾವಿರ ಜನಕ್ಕೊಬ್ಬರಂತೆ ಇರುವ ಅವರಿಗೆ ಯಾರ ಮನೆಯಲ್ಲಿ ಯಾರಿಗೆ ಶುಗರ್ ಇದೆ ಎಂದು ಗೊತ್ತಿರುತ್ತದೆ. ಆಮೇಲೆ ಊರಿನ ಆರೋಗ್ಯ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕಂಡು, ತಿಂಗಳಿಗೊಮ್ಮೆ ಅರ್ಧ ತಾಸು ಬಂದು ಹೋಗಲು ಕೇಳಿಕೊಳ್ಳಿ. ಊರಲ್ಲಿ ಈಗಾಗಲೇ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘ ಇದ್ದರೆ ಹೊಸದನ್ನು ಹುಟ್ಟುಹಾಕುವ ಗೋಜು ಬೇಡ. ಅದರ ಸಭೆ ಮುಗಿದ ಮೇಲೆ ಇನ್ನೊಂದು ತಾಸು ಕೂತರಾಯಿತು. ಲೆಕ್ಕ ಬರೆಯುವ ರೂಢಿಯೂ ಒಬ್ಬರನ್ನೊಬ್ಬರು ನಂಬುವ ರೂಢಿಯೂ ಅಲ್ಲಿ ಆಗಲೇ ಬೆಳೆದಿರುತ್ತದೆ. ಆದರೆ ಗಂಡಸರನ್ನೂ ಕರೆಯಬೇಕು, ಹೆಂಗಸರ ಸಂಘದ ನಡುವೆ ಅವರಿಗೆ ಮುಜುಗರವಾಗದಂತೆ ಮೊದಲೇ ಮಾತಾಡಿಕೊಳ್ಳಬೇಕು.

ಜಾಗದ ವಿಷಯದಲ್ಲಿ ಉದಾಸೀನ ಬೇಡ. ಗುಡಿಯ ಪೌಳಿಯಲ್ಲಿ ಕೂಡಿದರೆ ದಲಿತ ಕೇರಿಯವರು ಬರಲಿಕ್ಕಿಲ್ಲ. ಗೌಡರ ಕಟ್ಟೆಯ ಮೇಲೆ ಕೂಡಿದರೆ ಕೂಲಿಯವರು ಬಂದರೂ ಬಾಯಿ ಬಿಡುವುದಿಲ್ಲ. ಅಂಗನವಾಡಿ, ಶಾಲೆಯ ವರಾಂಡ, ಉಪಕೇಂದ್ರದ ಅಂಗಳ, ಇಂಥ ಎಲ್ಲರದೂ ಆದ ಜಾಗ ಬೇಕು. ದೇವದಾಸಿ ಪದ್ಧತಿಯಿಂದ ಹೊರಬಂದ ಹೆಂಗಸರು, ಒಬ್ಬಂಟಿ ಮುದುಕಿಯರು, ತಾಂಡಾದವರು ಕರೆಯದೆ ಬರುವವರಲ್ಲ. ಅವರ ಮನೆಗೆ ಹೋಗಿ ಕರೆಯಬೇಕು. ಗುಂಪಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಅವರಿಗೇ.

ದಿನ ಗೊತ್ತು ಮಾಡುವಾಗ ಸಂತೆಯ ದಿನ ಬಿಡಿ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲವಾದ್ದರಿಂದ ರೈತರು ಅಂದು ಸ್ವಲ್ಪ ಬಿಡುವಾಗಿರುತ್ತಾರೆ. ಮಗ್ಗದ ಓಣಿಯಲ್ಲಿ ಸಂಜೆ ಕತ್ತಲಾದ ಮೇಲಿನ ಹೊತ್ತು ವಾಸಿ. ಯಾರ ಕೂಲಿಯೂ ಹೋಗದ ಹೊತ್ತನ್ನೇ ಆರಿಸಬೇಕು. ಕೂಲಿ ಕಳಕೊಂಡು ಎರಡು ಸಲ ಬಂದವರು ಮೂರನೆಯ ಸಲ ಬರುವುದಿಲ್ಲ.

ಯಾರಿಗಿದೆ ಎಂದು ತಿಳಿಯುವುದು

ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದ ಎಲ್ಲರಿಗೂ ಉಚಿತ ತಪಾಸಣೆ ಇದೆ. ಆಶಾ ಮನೆಗೆ ಬಂದು ಒಂದು ನಮೂನೆ ತುಂಬುತ್ತಾರೆ: ವಯಸ್ಸು, ಸೊಂಟದ ಸುತ್ತಳತೆ, ತಂಬಾಕು, ಕುಡಿತ, ನಡಿಗೆ, ಮನೆತನದಲ್ಲಿ ಈ ಕಾಯಿಲೆ ಇದೆಯೋ ಇಲ್ಲವೋ. ಅಂಕ ನಾಲ್ಕಕ್ಕಿಂತ ಹೆಚ್ಚು ಬಂದವರನ್ನು ಮೊದಲು ಪರೀಕ್ಷೆಗೆ ಕಳಿಸುತ್ತಾರೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯದೂ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವ ಕೆಲಸವೇ. ನಿಮ್ಮ ಓಣಿಗೆ ತಂಡ ಬರುವ ದಿನವನ್ನು ಆಶಾ ಅವರಿಂದ ಮೊದಲೇ ತಿಳಿದು, ಅಂದು ಹೊಲಕ್ಕೆ ಹೋಗುವವರನ್ನು ಬೆಳಿಗ್ಗೆಯೇ ತಡೆದು ನಿಲ್ಲಿಸಿ.

ಮನೆಯಲ್ಲಿ ನೋಡಿಕೊಳ್ಳಲು ಒಂದು ದಾರ ಸಾಕು. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತ ಹಿಡಿದು ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಬಸುರಿಯಾಗಿದ್ದಾಗ ಶುಗರ್ ಬಂದು ಹೆರಿಗೆಯ ನಂತರ ಹೋಯಿತು ಅನ್ನುವ ತಾಯಂದಿರು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳಬೇಕು. ಅವರಿಗೆ ಮುಂದೆ ಕಾಯಿಲೆ ಮರಳುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು.

ರಾತ್ರಿ ಉಂಡು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟಾಗ 100ರ ಒಳಗಿದ್ದರೆ ಸಹಜ, 100ರಿಂದ 125 ಇದ್ದರೆ ಎಚ್ಚರಿಕೆಯ ಹಂತ, 126 ಅಥವಾ ಮೇಲಿದ್ದರೆ ಕಾಯಿಲೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಅಥವಾ ಮೇಲಿದ್ದರೆ ಕಾಯಿಲೆ ಎಂದೇ ಅರ್ಥ. ಬೆರಳು ಚುಚ್ಚಿ ನೋಡಿದ ಒಂದೇ ಅಂಕಿಯಿಂದ ತೀರ್ಮಾನಕ್ಕೆ ಬರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಿ.

ತಲೆಗೊಂದು ಹಾಳೆ

ಇನ್ನೂರು ಪುಟದ ನೋಟುಬುಕ್ ಒಂದು ತನ್ನಿ. ಒಬ್ಬೊಬ್ಬರಿಗೆ ಎರಡೆರಡು ಹಾಳೆ. ಮೇಲುಗಡೆ ಹೆಸರು, ಕಾಯಿಲೆ ಬಂದ ವರ್ಷ, ಈಗಿನ ಗುಳಿಗೆಗಳ ಹೆಸರು ಮತ್ತು ಅಳತೆ. ಕೆಳಗೆ ಪ್ರತಿ ತಿಂಗಳ ಶುಗರ್, ಬಿಪಿ, ತೂಕ, ಕಾಲಿನ ಸ್ಥಿತಿ, ಗುಳಿಗೆ ಯಾವ ತಾರೀಖಿಗೆ ತೀರುತ್ತದೆ ಎಂಬುದು. ಈ ಕೊನೆಯ ಅಂಕಣ ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲೇ ಮುಖ್ಯವಾದದ್ದು, ಕಾರಣ ಮುಂದೆ ಹೇಳುತ್ತೇನೆ.

ಓದು ಬಾರದವರಿಗೆ ಬಣ್ಣದ ಬೊಟ್ಟು ಇಡಿ. ಈಗಾಗಲೇ ಕಾಯಿಲೆ ಇರುವವರಿಗೆ ಖಾಲಿ ಹೊಟ್ಟೆಯ ಅಂಕಿ 80ರಿಂದ 130, ಉಂಡ ಎರಡು ತಾಸಿಗೆ 180ರ ಒಳಗೆ ಇದ್ದರೆ ಹಸಿರು. ಅದಕ್ಕಿಂತ ಹೆಚ್ಚಾದರೆ ಹಳದಿ. 70ಕ್ಕಿಂತ ಕಡಿಮೆ ಅಥವಾ 300ಕ್ಕಿಂತ ಹೆಚ್ಚು ಬಂದರೆ ಕೆಂಪು. ಕೆಂಪು ಬಂದವರು ಆ ದಿನವೇ ಡಾಕ್ಟರನ್ನು ಕಾಣಬೇಕು. ತೀರ ವಯಸ್ಸಾದವರಿಗೆ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರು ಬೇರೆ ಗುರಿ ಹೇಳಿರಬಹುದು. ಹಾಗಿದ್ದರೆ ಅದನ್ನೇ ಅವರ ಹಾಳೆಯ ಮೇಲೆ ಬರೆಯಿರಿ.

ಬೆರಳು ಚುಚ್ಚಿ ಶುಗರ್ ನೋಡುವ ಗ್ಲುಕೋಮೀಟರ್ ಉಪಕೇಂದ್ರದಲ್ಲಿ ಇರುತ್ತದೆ. ಗುಂಪಿಗೇ ಒಂದು ಬೇಕೆನಿಸಿದರೆ ತಲೆಗೆ ಇಪ್ಪತ್ತು ರೂಪಾಯಿ ಕೂಡಿಸುತ್ತ ಹೋದರೆ ರಕ್ತದ ಹನಿ ಹಾಕುವ ಪಟ್ಟಿಗಳ ಖರ್ಚು ದೂಗುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಬರುತ್ತದೆ, ಅದರಲ್ಲಿ ಕೊಡಿಸಲು ಸಭೆಯಲ್ಲಿ ಕೇಳಿ. ಮೀಟರ್ ಒಂದೇ ಇರಬಹುದು, ಚುಚ್ಚುವ ಸೂಜಿ ಮಾತ್ರ ಪ್ರತಿಯೊಬ್ಬರಿಗೂ ಹೊಸದೇ ಆಗಬೇಕು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ತಾಗಿದರೆ ಕಾಮಾಲೆ ಬಿ ಹರಡುತ್ತದೆ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಉಪಕೇಂದ್ರಕ್ಕೆ ಮುಟ್ಟಿಸಿ.

ಚುಚ್ಚುವ ಮುಂಚೆ ಕೈಯನ್ನು ಸಾಬೂನು ಹಚ್ಚಿ ತೊಳೆದು, ಒರೆಸಿ ಒಣಗಿಸಬೇಕು. ಮಹಾಲಿಂಗಪುರದ ಸುತ್ತಲಿನ ಗಾಣಗಳಲ್ಲಿ ಬೆಲ್ಲ ತೆಗೆಯುವವರ ಬೆರಳಿಗೆ ಅಂಟಿದ ಬೆಲ್ಲದ ಪಸೆಯೊಂದೇ ಸಾಕು, ಅಂಕಿಯನ್ನು ಸುಳ್ಳು ಸುಳ್ಳೇ ಎತ್ತರಕ್ಕೆ ಒಯ್ಯುತ್ತದೆ. ಕೈಗೆ ದ್ರಾಕ್ಷಿ ಹಣ್ಣಿನ ರಸ ಹತ್ತಿದ್ದರೂ ಅಷ್ಟೇ. ನೇಕಾರರಿಗೆ ಎಳೆ ಹಿಡಿಯುವ ಬೆರಳ ತುದಿ ಬಿಟ್ಟು ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚಿ. ಅಲ್ಲಿ ನೋವೂ ಕಡಿಮೆ, ಮರುದಿನ ಕೆಲಸಕ್ಕೂ ಅಡ್ಡಿಯಿಲ್ಲ. ಕುಡಗೋಲು ಹಿಡಿದು ಚರ್ಮ ದಪ್ಪಗಾದವರು ಕೈಯನ್ನು ಕೆಳಗೆ ಇಳಿಬಿಟ್ಟು, ಬೆರಳನ್ನು ಬುಡದಿಂದ ತುದಿಗೆ ನೀವಿಕೊಳ್ಳಬೇಕು. ಚುಚ್ಚಿದ ಮೇಲೆ ಗಟ್ಟಿಯಾಗಿ ಹಿಂಡಬಾರದು. ಪಟ್ಟಿಯ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಪಟ್ಟಿ ಕೆಡುತ್ತದೆ, ಅವಧಿ ಮುಗಿದ ಪಟ್ಟಿ ತಪ್ಪು ಹೇಳುತ್ತದೆ.

ಗುಳಿಗೆ ನಿಲ್ಲದಂತೆ ನೋಡಿಕೊಳ್ಳುವುದು

ಗುಂಪು ಬೇರೇನೂ ಮಾಡದೆ ಇದೊಂದನ್ನು ಮಾಡಿದರೂ ಸಾರ್ಥಕ. “ಈಗ ಅರಾಮ ಐತ್ರಿ, ಅದಕ್ಕ ಗುಳಿಗಿ ಬಿಟ್ಟೇನ್ರಿ” ಎಂಬ ಮಾತು ಪ್ರತಿ ಓಣಿಯಲ್ಲೂ ಕೇಳುತ್ತದೆ. ಅರಾಮ ಇರುವುದು ಗುಳಿಗೆಯಿಂದಲೇ. ಬಿಟ್ಟ ಮೇಲೂ ಕೆಲವು ವಾರ ಏನೂ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಒಳಗೊಳಗೇ ಕಣ್ಣು, ಕಿಡ್ನಿ, ನರಗಳಿಗೆ ಪೆಟ್ಟು ಬೀಳುತ್ತಿರುತ್ತದೆ. ಹಣವಿಲ್ಲದೆ ಬಿಡುವವರಿಗಿಂತ ದವಾಖಾನೆಗೆ ಹೋಗಲು ಕೂಲಿ ಬಿಡಬೇಕಲ್ಲ ಎಂದು ಬಿಡುವವರೇ ಹೆಚ್ಚೆಂದು ನನಗನಿಸುತ್ತದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್‌ನಂಥ ಗುಳಿಗೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತವೆ.

ಅದಕ್ಕೇ ಗುಳಿಗೆ ತೀರುವ ತಾರೀಖಿನ ಅಂಕಣ. ಪ್ರತಿ ಸಭೆಯಲ್ಲಿ ಒಬ್ಬರು ಅದನ್ನು ಗಟ್ಟಿಯಾಗಿ ಓದಬೇಕು. ಮುಂದಿನ ಹತ್ತು ದಿನದಲ್ಲಿ ಯಾರ್ಯಾರದು ತೀರುತ್ತದೋ ಅವರ ಪೈಕಿ ಒಬ್ಬರು ಎಲ್ಲರ ಚೀಟಿ ಹಿಡಿದು ಕೇಂದ್ರಕ್ಕೆ ಹೋಗಲಿ, ಮುಂದಿನ ತಿಂಗಳು ಇನ್ನೊಬ್ಬರ ಸರದಿ. ಡಾಕ್ಟರು ಮೊದಲೇ ಬರೆದುಕೊಟ್ಟ ಗುಳಿಗೆಗಳನ್ನು ಉಪಕೇಂದ್ರದಲ್ಲೇ ಕೊಡುವ ಏರ್ಪಾಡಿದ್ದರೆ ಇನ್ನೂ ಹಗುರ, ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೇಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿರುವುದರಿಂದ ತಾಲ್ಲೂಕು ಆಸ್ಪತ್ರೆಗೆ ಹೋಗಿಬರುವ ಕೆಲಸವನ್ನು ಗುಂಪಿನ ಹೆಂಗಸರು ಖರ್ಚಿಲ್ಲದೆ ಮಾಡಬಲ್ಲರು. ಕೇಂದ್ರದಲ್ಲಿ ದಾಸ್ತಾನು ಇಲ್ಲದಿದ್ದರೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ತರಬಹುದು. ದಾಸ್ತಾನು ಮುಗಿಯುವುದು ಮತ್ತೆ ಮತ್ತೆ ಆಗುತ್ತಿದ್ದರೆ ಒಬ್ಬೊಬ್ಬರೇ ಗೊಣಗದೆ ಗುಂಪಿನ ಹೆಸರಲ್ಲಿ ತಾಲ್ಲೂಕು ಆರೋಗ್ಯ ಅಧಿಕಾರಿಗೆ ಅರ್ಜಿ ಬರೆಯಿರಿ. ಹದಿನೈದು ಸಹಿ, ಹೆಬ್ಬೆಟ್ಟು ಇರುವ ಅರ್ಜಿಗೆ ಬೇರೆಯೇ ತೂಕ ಇರುತ್ತದೆ.

ಮೆಟ್‌ಫಾರ್ಮಿನ್ ಊಟದ ಜೊತೆ ಅಥವಾ ಉಂಡ ಕೂಡಲೇ ತಗೊಳ್ಳಬೇಕು. ಮೊದಮೊದಲು ಹೊಟ್ಟೆ ಕೆಟ್ಟಂತಾದರೆ ಹೆದರಿ ಬಿಡಬೇಡಿ, ಡಾಕ್ಟರಿಗೆ ಹೇಳಿದರೆ ಸಣ್ಣ ಅಳತೆಯಿಂದ ಶುರು ಮಾಡುತ್ತಾರೆ. ವರ್ಷಗಟ್ಟಲೆ ತಗೊಳ್ಳುವ ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆಯಾಗಿ ಕಾಲು ಜುಮುಗುಟ್ಟಬಹುದು, ಅದನ್ನೂ ಹೇಳಿ. ಗ್ಲಿಮೆಪಿರೈಡ್ ನುಂಗಿದ ಮೇಲೆ ಊಟ ತಪ್ಪಿಸಲೇಬಾರದು. ನುಂಗಿ ಹೊಲಕ್ಕೆ ಹೋಗಿ, ಬುತ್ತಿ ಬರುವುದು ತಡವಾದರೆ ಶುಗರ್ ಕುಸಿಯುತ್ತದೆ. ಪಕ್ಕದ ಮನೆಯವರ ಗುಳಿಗೆ ನನಗೂ ಆದೀತು ಎಂದು ತಗೊಳ್ಳುವುದು ಅಪಾಯ. “ಶುಗರ್ ಬೇರುಸಹಿತ ವಾಸಿ” ಅನ್ನುವ ಪುಡಿ ಮಾರುವವರು ಸಂತೆಯಲ್ಲಿ, ಮೊಬೈಲಿನಲ್ಲಿ ಎಲ್ಲೆಲ್ಲೂ ಇದ್ದಾರೆ. ಯಾರಾದರೂ ಅಂಥದ್ದನ್ನು ಶುರು ಮಾಡಿದ್ದರೆ ಗುಂಪಿನಲ್ಲಿ ಬೈಯಬೇಡಿ. ಬೈದರೆ ಮುಚ್ಚಿಟ್ಟು ತಗೊಳ್ಳುತ್ತಾರೆ. ಡಾಕ್ಟರು ಕೊಟ್ಟದ್ದನ್ನು ಮಾತ್ರ ಬಿಡದಂತೆ ಒಪ್ಪಿಸಿ, ಎರಡು ವಾರಕ್ಕೊಮ್ಮೆ ಶುಗರ್ ನೋಡಿ.

ಇನ್ಸುಲಿನ್ ತಗೊಳ್ಳುವವರಿಗೆ

ನಮ್ಮಲ್ಲಿ ಎರಡು ಬಗೆಯ ಸೀಸೆಗಳಿವೆ: ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ರದಕ್ಕೆ ಕೆಂಪು ಟೊಪ್ಪಿಗೆಯ ಸಿರಿಂಜು, 100ರದಕ್ಕೆ ಕಿತ್ತಳೆ ಟೊಪ್ಪಿಗೆಯದು. ಇವು ಅದಲುಬದಲಾದರೆ ಜೀವಕ್ಕೇ ಅಪಾಯ. 100ರ ಸೀಸೆಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಹೊಸ ಸೀಸೆ ತಂದಾಗಲೆಲ್ಲ ಸೀಸೆ, ಸಿರಿಂಜು ಎರಡನ್ನೂ ಆಶಾಗೆ ಅಥವಾ ನರ್ಸಿಗೆ ತೋರಿಸಿ.

ವಿಜಯಪುರ, ಬಾಗಲಕೋಟೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯೊಳಗೆ ಇಟ್ಟ ಇನ್ಸುಲಿನ್ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಫ್ರಿಜ್ ಇಲ್ಲದವರು ದೊಡ್ಡ ಮಡಕೆಯಲ್ಲಿ ಹಸಿ ಉಸುಕು ಹಾಕಿ, ನಡುವೆ ಸಣ್ಣ ಮಡಕೆ ಕೂಡಿಸಿ, ಸೀಸೆಯನ್ನು ನೀರು ಹೋಗದ ಡಬ್ಬಿಯಲ್ಲಿಟ್ಟು ಅದರೊಳಗಿಟ್ಟು, ಒದ್ದೆ ಬಟ್ಟೆ ಮುಚ್ಚಿ ಗಾಳಿ ಆಡುವ ನೆರಳಿನಲ್ಲಿ ಇಡಬೇಕು. ದಿನಕ್ಕೆರಡು ಸಲ ಉಸುಕಿಗೆ ನೀರು ಚಿಮುಕಿಸಿ. ನಮ್ಮ ಒಣ ಹವೆಗೆ ಈ ಉಪಾಯ ಚೆನ್ನಾಗಿ ಒಪ್ಪುತ್ತದೆ. ತೆರೆಯದ ಸೀಸೆಗಳನ್ನು ಗುಂಪಿನಲ್ಲಿ ಯಾರದಾದರೂ ಮನೆಯ ಫ್ರಿಜ್ಜಿನಲ್ಲಿ, ಬರ್ಫದ ಪೆಟ್ಟಿಗೆಯಿಂದ ದೂರ, ಹೆಸರು ಬರೆದು ಇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು. ತೆರೆದ ಸೀಸೆ ನಾಲ್ಕು ವಾರಕ್ಕಿಂತ ಹೆಚ್ಚು ಇಡಬೇಡಿ, ತೆರೆದ ತಾರೀಖನ್ನು ಅದರ ಮೇಲೇ ಬರೆಯಿರಿ.

ತಾಟಿನಲ್ಲಿ ಏನಿರಬೇಕು

ಓಟ್ಸ್, ಬಾದಾಮಿ, ಸೇಬು ಎಂದು ಹೇಳುವ ಆಹಾರ ಪಟ್ಟಿಗಳನ್ನು ದಯವಿಟ್ಟು ಈ ಗುಂಪಿಗೆ ತರಬೇಡಿ. ಕೊಳ್ಳಲಾಗದ್ದನ್ನು ಹೇಳಿದರೆ ಜನ ಕೊಳ್ಳಬಲ್ಲದ್ದನ್ನೂ ಕೇಳಿಸಿಕೊಳ್ಳುವುದಿಲ್ಲ. ನಮ್ಮ ಊಟದಲ್ಲೇ ಬೇಕಾದದ್ದಿದೆ: ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಮಡಕೆ ಕಾಳು, ಹೆಸರುಕಾಳು, ಹುರುಳಿ, ಪುಂಡಿ ಪಲ್ಯ, ಮೆಂತ್ಯ ಪಲ್ಯ, ಹತ್ತರಕಿ, ಹಸಿ ಸೌತೆ, ಮೂಲಂಗಿ, ಉಳ್ಳಾಗಡ್ಡಿ, ಮಜ್ಜಿಗೆ, ಶೇಂಗಾ ಹಿಂಡಿ.

ತಪ್ಪು ತಿಳುವಳಿಕೆ ಇರುವುದು ಅಳತೆಯಲ್ಲಿ. “ರೊಟ್ಟಿ ತಿಂದರೆ ಶುಗರ್ ಏರುವುದಿಲ್ಲ” ಎಂದು ನಂಬಿ ನಾಲ್ಕೈದು ರೊಟ್ಟಿ, ಮೇಲೆ ಅನ್ನ ಉಣ್ಣುವವರಿದ್ದಾರೆ. ಜೋಳದಲ್ಲೂ ಪಿಷ್ಟವೇ ಹೆಚ್ಚು. ಅಕ್ಕಿಗಿಂತ ನಾರು ಹೆಚ್ಚಿರುವುದರಿಂದ ಹಸಿವು ತಡೆಯುತ್ತದೆ, ಅಷ್ಟೆ. ಅರ್ಧ ತಾಟು ಪಲ್ಯ ಮತ್ತು ಹಸಿ ತರಕಾರಿ, ಕಾಲು ಭಾಗ ಕಾಳು ಅಥವಾ ಬೇಳೆ, ಉಳಿದ ಕಾಲು ಭಾಗ ರೊಟ್ಟಿ ಇಲ್ಲವೇ ಅನ್ನ. ಅನ್ನಭಾಗ್ಯದ ಅಕ್ಕಿ ಬಂದ ಮೇಲೆ ರಾತ್ರಿಯ ಊಟ ಬರೀ ಅನ್ನ-ಸಾರು ಆಗಿರುವ ಮನೆಗಳು ಬಹಳ. ಅಂಥಲ್ಲಿ ಅನ್ನ ಬಿಡಿ ಎನ್ನುವುದು ಹಸಿದಿರಿ ಎಂದಂತೆ. ಅನ್ನದಲ್ಲಿ ಒಂದು ಮುಷ್ಟಿ ಕಡಿಮೆ ಮಾಡಿ ಒಂದು ಮುಷ್ಟಿ ಬೇಯಿಸಿದ ಕಾಳು ಹಾಕಿಕೊಳ್ಳಲು ಹೇಳಿ. ದುಡಿಯುವವರಿಗೆ ಅಳತೆ ಬೇರೆ. ಇಡೀ ದಿನ ಕಬ್ಬು ಕಡಿಯುವವರಿಗೂ ಮಗ್ಗದ ಮುಂದೆ ಕೂತವರಿಗೂ ಒಂದೇ ಲೆಕ್ಕ ಹೇಳಬಾರದು.

ಚಹಾ ಮರೆಯಬೇಡಿ. ಹೊತ್ತಿಗೊಂದು ಕಪ್ಪಿನಂತೆ ದಿನಕ್ಕೆ ಆರು, ಕಪ್ಪಿಗೆ ಎರಡು ಚಮಚ ಸಕ್ಕರೆಯಾದರೆ ಹನ್ನೆರಡು ಚಮಚ. ಒಮ್ಮೆಲೇ ಬಿಡಲಾಗದವರು ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಒಗ್ಗುತ್ತದೆ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಏನೂ ಲಾಭವಿಲ್ಲ, ಶುಗರ್ ಏರಿಸುವುದರಲ್ಲಿ ಎರಡೂ ಒಂದೇ. ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಮಾಡುವವರು ದಿನವಿಡೀ ಒಂದೆರಡು ಬಾಯಿಗೆ ಹಾಕಿಕೊಳ್ಳುತ್ತಿರುತ್ತಾರೆ, ಅದೂ ಲೆಕ್ಕಕ್ಕೆ ಬರುತ್ತದೆ. ಕಬ್ಬಿನ ಹಾಲು ಬೇಡ. ಪೇರಲ ಹಣ್ಣು ಒಂದು ತಿನ್ನಬಹುದು.

ಹಬ್ಬ ಬಂದಾಗ ನಾಗರ ಪಂಚಮಿಯ ಉಂಡಿ, ಶೇಂಗಾ ಹೋಳಿಗೆ ತಿನ್ನಲೇಬೇಡಿ ಎಂದರೆ ಯಾರೂ ಒಪ್ಪರು. ಒಂದು ಹೋಳಿಗೆ ತಿಂದರೆ ಆ ಊಟದಲ್ಲಿ ಅನ್ನ ಬಿಡುವುದು ಎಂದು ಗುಂಪಿನಲ್ಲೇ ಒಪ್ಪಂದ ಮಾಡಿಕೊಳ್ಳಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಣ್ಣುಮಕ್ಕಳಿಗೆ ಪಲ್ಯ ತೀರಿ ಬರೀ ರೊಟ್ಟಿ-ಖಾರ ಉಳಿದಿರುತ್ತದೆ. ಶುಗರ್ ಇರುವ ತಾಯಿಯ ಪಾಲಿನ ಪಲ್ಯ ಮೊದಲೇ ತೆಗೆದಿಡುವಂತೆ ಮನೆಯವರಿಗೆ ಹೇಳುವುದು ಗುಂಪಿನ ಕೆಲಸವೇ.

ಉಪವಾಸದ ಮಾತು. ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ಯಾವುದೇ ಇರಲಿ, ಹಿಡಿಯುವ ಒಂದು ತಿಂಗಳ ಮುಂಚೆಯೇ ಡಾಕ್ಟರನ್ನು ಕಂಡು ಗುಳಿಗೆ, ಇನ್ಸುಲಿನ್ ಹೊತ್ತು ಬದಲಿಸಿಕೊಳ್ಳಬೇಕು. ಇನ್ಸುಲಿನ್ ತಗೊಳ್ಳುವವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ, ಬಸುರಿಯರಿಗೆ ಅಪಾಯ ಹೆಚ್ಚು. ಹಿಡಿದ ಮೇಲೆ ಶುಗರ್ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಆ ಕ್ಷಣವೇ ಉಪವಾಸ ಮುರಿಯಬೇಕು. ಇದನ್ನು ಸ್ವಾಮಿಗಳಿಂದ, ಮೌಲ್ವಿಗಳಿಂದ ಒಂದು ಸಭೆಯಲ್ಲಿ ಹೇಳಿಸಿದರೆ ನಾವು ನೂರು ಸಲ ಹೇಳುವುದಕ್ಕಿಂತ ಹೆಚ್ಚು ನಾಟುತ್ತದೆ.

ನಡಿಗೆಯ ವಿಷಯ ಚುಟುಕಾಗಿ: ನೇಯುವವರು, ನಿಪ್ಪಾಣಿ ಕಡೆ ಬೀಡಿ ಕಟ್ಟುವ ಹೆಂಗಸರು ವಾರದಲ್ಲಿ ಐದು ದಿನ ಅರ್ಧ ತಾಸು ಬಿರುಸಾಗಿ ನಡೆಯಬೇಕು, ಕೂತಲ್ಲಿಂದ ಅರ್ಧ ತಾಸಿಗೊಮ್ಮೆ ಏಳಬೇಕು. ತಂಬಾಕು ಬಿಡಬೇಕು. ಗುಟಕಾ, ಮಿಶ್ರಿ, ಬೀಡಿ ಯಾವುದಿದ್ದರೂ.

ಶುಗರ್ ಕುಸಿದಾಗ

ಬೆವರು, ಕೈನಡುಕ, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜು, ಅರ್ಥವಿಲ್ಲದ ಮಾತು. ಇವನ್ನು ಕಂಡು ಕುಡಿದಿದ್ದಾರೆ ಎಂದೋ, ಗಾಳಿ ಬಡಿದಿದೆ ಎಂದೋ ತಿಳಿಯುವುದುಂಟು. ಗುಂಪಿನವರ ಮನೆಮಂದಿಗೆಲ್ಲ ಇದನ್ನು ಕಲಿಸಿ: ಎಚ್ಚರವಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಕಾಯಿರಿ, ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ರೊಟ್ಟಿ ಅಥವಾ ಅನ್ನ ಉಣಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಉಸಿರು ಕಟ್ಟುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಗ್ಲಿಮೆಪಿರೈಡ್ ತಗೊಳ್ಳುವವರಲ್ಲಿ ಒಮ್ಮೆ ಸುಧಾರಿಸಿದ್ದು ಕೆಲವು ತಾಸಿನ ಮೇಲೆ ಮತ್ತೆ ಕುಸಿಯಬಹುದು, ಆದ್ದರಿಂದ ದವಾಖಾನೆಗೆ ಕರೆದೊಯ್ಯುವುದೇ ಲೇಸು. ಹೊಲಕ್ಕೆ ಹೋಗುವಾಗ ರುಮಾಲಿನ ತುದಿಯಲ್ಲಿ, ಸೆರಗಿನಲ್ಲಿ ಸಕ್ಕರೆ ಪೊಟ್ಟಣ ಕಟ್ಟಿಕೊಂಡಿರಬೇಕು.

ಕಾಲು ನೋಡುವುದು

ಇಲ್ಲಿ ಅವಸರ ಬೇಡ. ಪ್ರತಿ ಸಭೆಯ ಅರ್ಧ ಹೊತ್ತು ಕಾಲಿಗೇ ಮೀಸಲಿಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಶುಗರ್ ಹೆಚ್ಚಿದ್ದವರ ಪಾದದ ನರ ನಿಧಾನಕ್ಕೆ ಜಡವಾಗುತ್ತದೆ. ಕಬ್ಬಿನ ಕೂಳೆ ಚುಚ್ಚಿದರೂ ಗೊತ್ತಾಗುವುದಿಲ್ಲ, ಚಪ್ಪಲಿಯೊಳಗೆ ಸಣ್ಣ ಕಲ್ಲು ಸಂಜೆವರೆಗೂ ಉಜ್ಜುತ್ತಿದ್ದರೂ ಗೊತ್ತಾಗುವುದಿಲ್ಲ. ನೋವಿಲ್ಲದ್ದರಿಂದಲೇ ಗಾಯ ಬೆಳೆಯುತ್ತದೆ.

ಜಡತೆ ತಿಳಿಯಲು ಯಂತ್ರ ಬೇಡ. ಕಣ್ಣು ಮುಚ್ಚಿ ಕಾಲು ಚಾಚಿ ಕೂರಿಸಿ. ಇನ್ನೊಬ್ಬರು ತೋರುಬೆರಳ ತುದಿಯಿಂದ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ಸವರಬಾರದು, ಕಚಗುಳಿ ಇಡಬಾರದು. ಎರಡೂ ಕಾಲು ಸೇರಿ ಆರು ಕಡೆ. ಮುಟ್ಟಿದಾಗ “ಎಡಕ್ಕೆ”, “ಬಲಕ್ಕೆ” ಎಂದು ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ನರ ಜಡವಾಗಿದೆ ಎಂದು ಹಾಳೆಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಆಮೇಲೆ ಅಂಗಾಲು ನೋಡಿ. ಬಗ್ಗಲಾಗದವರಿಗೆ ನೆಲದ ಮೇಲೆ ಕನ್ನಡಿ ಇಟ್ಟು ತೋರಿಸಿ. ಬೆರಳ ಸಂದಿಯಲ್ಲಿ ಬಿಳಿಚಿದ ಹಸಿ, ಹಿಮ್ಮಡಿಯ ಸೀಳು, ಆಣಿ, ಬಾವು, ಬಣ್ಣ ಬದಲಾದದ್ದು, ಒಂದು ಕಾಲು ಇನ್ನೊಂದಕ್ಕಿಂತ ಬೆಚ್ಚಗಿರುವುದು, ಎಲ್ಲವನ್ನೂ ಬರೆದಿಡಿ.

ಗಾಯ ಕಂಡರೆ ಸ್ವಚ್ಛ ನೀರು, ಸಾಬೂನಿನಿಂದ ತೊಳೆದು, ಸ್ವಚ್ಛ ಬಟ್ಟೆ ಸುತ್ತಿ ಆ ದಿನವೇ ಇಲ್ಲವೇ ಮರುದಿನ ದವಾಖಾನೆಗೆ ಹೋಗಬೇಕು. ಬೂದಿ, ಸುಣ್ಣ-ಬೆಲ್ಲ, ಬೀಡಿ ಎಲೆ, ಡೀಸೆಲ್ ಯಾವುದನ್ನೂ ಹಚ್ಚಬಾರದು. ಬಿಸಿನೀರಲ್ಲಿ ಕಾಲು ಇಡಬಾರದು, ಜಡವಾದ ಕಾಲಿಗೆ ಸುಟ್ಟದ್ದು ತಿಳಿಯುವುದಿಲ್ಲ. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಕೆಂಪೇರಿ ಬಾವು ಮೇಲಕ್ಕೆ ಹರಡಿದರೆ, ವಾಸನೆ ಬಂದರೆ, ಜ್ವರ ಬಂದರೆ ಕಾಯದೆ ಜಿಲ್ಲಾ ಆಸ್ಪತ್ರೆಗೆ ಹೊರಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆಯ ನೆರವಿದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಚಪ್ಪಲಿ ಹಿಂದೆ ಪಟ್ಟಿ ಇರುವಂಥದ್ದಾಗಿರಲಿ, ಮೆತ್ತನೆಯ ಎಂಸಿಆರ್ ರಬ್ಬರಿನದಾದರೆ ಒಳ್ಳೆಯದು. ಹಾಕುವ ಮುಂಚೆ ಕೊಡವಿ, ಒಳಗೆ ಕೈಯಾಡಿಸಿ ನೋಡಬೇಕು. ಗುಂಡಿ ಮಗ್ಗದ ತುಳಿಗೋಲು ತುಳಿಯುವವರು ಬರಿಗಾಲ ಬದಲು ಮೆತ್ತನೆ ಬಟ್ಟೆಯ ಕಾಲುಚೀಲ ಹಾಕಿಕೊಳ್ಳಬಹುದು. ಯುಗಾದಿ ಹತ್ತಿರ ಬಂದರೆ ನಮ್ಮ ಕಡೆಯ ಜಿಲ್ಲೆಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತದೆ. ಕಾಲು ಜಡವಾದವರು ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆಯಲೇಬಾರದು. ಹರಕೆ ದೊಡ್ಡದು, ನಿಜ. ಪಾದಯಾತ್ರೆಯ ಮುಖ್ಯಸ್ಥರ ಬಳಿ ಮಾತಾಡಿ, ಪಾದರಕ್ಷೆ ಹಾಕಿ ನಡೆಯಲು ಅಥವಾ ವಾಹನದಲ್ಲಿ ಹೋಗಿ ಮಲ್ಲಯ್ಯನ ದರ್ಶನ ಮಾಡಲು ಅವರನ್ನು ಒಪ್ಪಿಸಿ.

ವರ್ಷಕ್ಕೊಮ್ಮೆ

ಕಣ್ಣಿನ ಪಾಪೆ ಹಿಗ್ಗಿಸಿ ಒಳಪರದೆ ನೋಡಿಸುವುದು, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್, ಕೊಲೆಸ್ಟರಾಲ್, ಹಲ್ಲು. ಇವಿಷ್ಟನ್ನು ಗುಂಪಿನವರೆಲ್ಲ ಒಂದೇ ದಿನ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ ಮುಗಿಸಿ. ನವೆಂಬರ್ 14 ವಿಶ್ವ ಮಧುಮೇಹ ದಿನ, ಆ ವಾರ ಹಲವೆಡೆ ಶಿಬಿರ ಇರುತ್ತದೆ. ಎರಡು ವಾರ ಮೀರಿ ಕೆಮ್ಮಿದ್ದವರು ಕಫ ಪರೀಕ್ಷೆ ಮಾಡಿಸಬೇಕು, ಶುಗರ್ ಇದ್ದವರಿಗೆ ಕ್ಷಯ ಬೇಗ ಹತ್ತುತ್ತದೆ.

ಗುಳೆ ಹೋಗುವವರಿಗೆ

ಕಬ್ಬಿನ ಹಂಗಾಮಿಗೆ, ಗೋವಾ, ಮಹಾರಾಷ್ಟ್ರ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುವವರ ಚಿಕಿತ್ಸೆ ತಪ್ಪುವುದು ಆ ತಿಂಗಳುಗಳಲ್ಲೇ. ಹೊರಡುವ ಎರಡು ವಾರ ಮುಂಚೆ ಗುಂಪಿಗೆ ತಿಳಿಸಬೇಕು. ಡಾಕ್ಟರನ್ನು ಕೇಳಿ ಸಾಧ್ಯವಿದ್ದಷ್ಟು ದಿನದ ಗುಳಿಗೆ ಪಡೆಯಿರಿ. ಚೀಟಿಯ ಮತ್ತು ಹಾಳೆಯ ಫೋಟೋ ತೆಗೆದು ಅವರ ಮೊಬೈಲಿನಲ್ಲೂ ಜೊತೆಗೆ ಹೋಗುವವರ ಮೊಬೈಲಿನಲ್ಲೂ ಇಡಿ. ಗುಳಿಗೆಯ ಹೆಸರು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಕಾಣುವಂತಿರಲಿ, ಪರರಾಜ್ಯದ ದವಾಖಾನೆಯಲ್ಲಿ ಅದೇ ಆಧಾರ. ಚೀಲದಲ್ಲಿ ಇರಬೇಕಾದದ್ದು ಗುಳಿಗೆ, ಸಕ್ಕರೆ ಪೊಟ್ಟಣ, ಸ್ವಚ್ಛ ಬಟ್ಟೆಯ ಪಟ್ಟಿ, ಸಣ್ಣ ಕನ್ನಡಿ, ಆಧಾರ್ ಮತ್ತು ಆಯುಷ್ಮಾನ್ ಕಾರ್ಡ್. ಕೆಲಸದ ಜಾಗದಲ್ಲಿ ಜೊತೆಗಿರುವ ಒಬ್ಬರಿಗಾದರೂ ಕುಸಿದಾಗ ಏನು ಮಾಡಬೇಕೆಂದು ಕಲಿಸಿ ಕಳಿಸಿ. ಹದಿನೈದು ದಿನಕ್ಕೊಮ್ಮೆ ಗುಂಪಿನಿಂದ ಒಬ್ಬರು ಫೋನ್ ಮಾಡಿ ಗುಳಿಗೆ ಎಷ್ಟು ಉಳಿದಿದೆ, ಕಾಲು ನೋಡಿಕೊಂಡಿರಾ ಎಂದು ಕೇಳಿ ಹಾಳೆಯಲ್ಲಿ ಬರೆಯಲಿ. ಊರಿಗೆ ಮರಳಿದ ವಾರದೊಳಗೆ ಶುಗರ್, ಬಿಪಿ, ಕಾಲು ಮೂರನ್ನೂ ನೋಡಿಸಬೇಕು.